ಎರೆಮಣ್ಣು ನೀರಿಗೆ ಸೋತ ಆಟ

ಪರಿಣಾಮವನ್ನು ಅನುಭವಿಸಿದ್ದು ನನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ಎರಡು ಅಂಗೈಗಳು. ಆಟವನ್ನು ರೂಪಿಸಿದವರಿಗೆ ಏನೂ ಆಗಲಿಲ್ಲ. ಕಾಕುವಿನ ಗಂಡ, ಗೆದ್ದ ಕಾಕಾ ಅವರಿಗೂ ಏನೂ ಆಗಲಿಲ್ಲ. ಸ್ಪರ್ಧೆಯನ್ನು ಏರ್ಪಡಿಸಿದ ನಾನು ಬಿಸಿರೊಟ್ಟಿ ತಿನ್ನುತ್ತಲೇ ಇದ್ದೆ. ಇದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ.

ಯರಗುಪ್ಪಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ಹೆಂಗಸರ ಕೆಲಸವೆಂಬ ಅನ್ಯಾಯವನ್ನು ನಾನು ಬಹುಕಾಲದಿಂದ ವಿರೋಧಿಸುತ್ತಿದ್ದೆ. ಭಾಷಣ ಫಲಿಸಲಿಲ್ಲ. ಆಗ ನೆನಪಾದದ್ದು, ರಜೆಗೆ ಬಂದಿದ್ದ ಅಕ್ಕನ ಮಗಳು ಎಲ್ಲರ ಮೊಬೈಲಿಗೂ ಹಾಕಿಕೊಟ್ಟು ಹೋಗಿದ್ದ ರಾಕ್ಷಸಪ್ರಾಣಿಗಳ ಕಾಳಗದ ಆಟ. ಆಡುವ ಇಬ್ಬರೂ ಒಂದೊಂದು ಪ್ರಾಣಿಯನ್ನು ಗುಟ್ಟಾಗಿ ಆರಿಸಿ ಕಣಕ್ಕೆ ಬಿಡಬೇಕು. ಬೆಂಕಿಯದು, ನೀರಿನದು, ಹುಲ್ಲಿನದು, ಮಿಂಚಿನದು, ಮಣ್ಣಿನದು ಎಂದು ಅವುಗಳಲ್ಲಿ ವರ್ಗಗಳಿವೆ. ಹುಟ್ಟಿದ ವರ್ಗದಿಂದಲೇ ಯಾರು ಯಾರಿಗೆ ಸೋಲಬೇಕೆಂದು ಬರೆದಿಟ್ಟಿರುವ ಈ ವ್ಯವಸ್ಥೆ ಎಷ್ಟು ಖಂಡನೀಯವೆಂದು ಆಗ ನನಗೆ ಹೊಳೆಯಲಿಲ್ಲ. ದಿನಾ ಸಂಜೆ ಕಾಕಾ ಮತ್ತು ಕಾಕು ಒಂದು ಪಂದ್ಯ ಆಡುವುದು, ಸೋತವರು ಮರುದಿನದ ರೊಟ್ಟಿ ಬಡಿಯುವುದು ಎಂದು ಇಬ್ಬರನ್ನೂ ಒಪ್ಪಿಸಿದೆ. ಸಮಾನತೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಂತೆಂದೇ ಭಾವಿಸಿದೆ.

ಮೊದಲ ದಿನ ಕಾಕು ಮಣ್ಣಿನ ಪ್ರಾಣಿಯನ್ನು ಬಿಟ್ಟರು, ಕಾಕಾ ನೀರಿನದನ್ನು. ನೀರು ಒಮ್ಮೆ ಚಿಮ್ಮಿದ್ದಕ್ಕೇ ಮಣ್ಣು ಅಂಗಾತ ಬಿತ್ತು.

"ಇದೆಂಥಾ ಆಟನ ಯವ್ವಾ?" ಎಂದು ಕಾಕು ನನ್ನ ಕಡೆ ತಿರುಗಿದರು. "ಮಳಿ ಬಿದ್ರ ನಮ್ಮ ಕರಿ ಎರಿ ಭೂಮಿ ಸಾಯ್ತೈತೇನು? ಜೀವಾ ಹಿಡೀತೈತಿ!"

ಮರುದಿನವೂ ಅವರು ಮಣ್ಣನ್ನೇ ಬಿಟ್ಟರು, ಅದರ ಮರುದಿನವೂ; ಕಾಕಾ ನೀರನ್ನೇ. ಇಷ್ಟು ದೊಡ್ಡ ತಪ್ಪು ಕಂಪನಿಯವರ ಕಣ್ಣಿಗೆ ಬೀಳದೆ ಇರುವುದಿಲ್ಲ ಎಂಬುದು ಅವರ ನಂಬಿಕೆ. "ನಿನ್ನಿ ಕೆಟ್ಟಿತ್ತು, ಇವತ್ತ ರಿಪೇರಿ ಆಗಿರತೈತಿ" ಎನ್ನುತ್ತಾ ದಿನವೂ ಸೋತು, ದಿನವೂ ಹಂಚಿನ ಮುಂದೆ ಕುಳಿತರು. ಮೊದಲು ನನ್ನ ಅತ್ತಿಗೆಯಾದರೂ ನಡುನಡುವೆ ಬಡಿಯುತ್ತಿದ್ದರು. ನನ್ನ ಸುಧಾರಣೆಯ ನಂತರ ಅವರಿಗೂ ಬಿಡುವಾಯಿತು.

ಒಂದು ದಿನ ಕಾಕಾ ಅವರ ಅಂಗಿ ಒಗೆಯುವಾಗ (ಅದನ್ನು ನಾನೇಕೆ ಒಗೆಯುತ್ತಿದ್ದೆ ಎಂಬುದು ಇನ್ನೊಂದು ಅನ್ಯಾಯ) ಕಿಸೆಯಲ್ಲಿ ಒಂದು ಚೀಟಿ ಸಿಕ್ಕಿತು. ಯಾವ ವರ್ಗಕ್ಕೆ ಯಾವುದು ಸೋಲುತ್ತದೆ ಎಂಬ ಪಟ್ಟಿ. ಆಟದ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಅಡಗಿದ್ದ ಅದನ್ನು, ಶಾಲೆಯ ಗುಮಾಸ್ತರಾಗಿ ನಿವೃತ್ತರಾದ ಕಾಕಾ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿಟ್ಟುಕೊಂಡಿದ್ದರು.

"ಕಾಕಾ, ಇದು ಮೋಸ ಅಲ್ಲೇನ್ರಿ?"

"ಓದಾಕ ಬರೂದು ಮೋಸ ಆತೇನು? ನಿನ್ನ ಸಾಲ್ಯಾಗ ಹಿಂಗ ಕಲಿಸ್ಯಾರ?"

ಅಷ್ಟರಲ್ಲಿ ಎಳ್ಳಮಾವಾಸ್ಯೆ ಹತ್ತಿರ ಬಂತು. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂಮಿಗೆ ಚರಗ ಚೆಲ್ಲಿ, ಅಂದರೆ ಅಡುಗೆಯನ್ನು ಪೈರಿನ ನಡುವೆ ಎರಚಿ, ಅಲ್ಲೇ ಊಟ ಮಾಡುವುದು ರೂಢಿ. ಅದಕ್ಕೆ ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ರಾಶಿಗಟ್ಟಲೆ ಬೇಕು. ಮದುವೆಯಾದಂದಿನಿಂದ ಒಂದು ವರ್ಷವೂ ಕಾಕು ದಣಿಯದೆ ಹೊಲ ಮುಟ್ಟಿದವರಲ್ಲ. "ಒಮ್ಮೆರ ಕೈ ತೊಳಕೊಂಡು ಸುಮ್ನ ಚಕ್ಕಡಿ ಗಾಡಿ ಹತ್ತಬೇಕಂತೈತಿ ಜೀವ" ಎಂದರು. ಹಬ್ಬದ ಹಿಂದಿನ ಸಂಜೆ, ಪಂದ್ಯಕ್ಕೆ ಮೊದಲು ನಾನು ಅವರ ಕಿವಿಯಲ್ಲಿ ಉಸುರಿದೆ: "ಕಾಕು, ಇವತ್ತ ಹುಲ್ಲಿಂದು ಬಿಡು. ನೀರು ಅದಕ್ಕ ಸೋಲತೈತಿ."

ಕಾಕು ನನ್ನನ್ನು ದ್ರೋಹಿಯನ್ನು ನೋಡುವಂತೆ ನೋಡಿದರು. "ಮದುವಿ ಆದಾಗಿಂದ ಕುರ್ಪಿ ಹಿಡಿದು ಹೊಲದಾಗಿನ ಕರಕಿ ಹುಲ್ಲು ಕಿತ್ತೀನಿ. ಈಗ ಅದರ ಬಾಜು ನಿಂದರಬೇಕೇನ ಬೇ?"

ತತ್ತ್ವನಿಷ್ಠೆಯನ್ನು ಗೌರವಿಸುವುದು ನನ್ನ ಧರ್ಮ. ಮಣ್ಣು ಕಣಕ್ಕಿಳಿಯಿತು. ನೀರು ಚಿಮ್ಮಿತು. "ಏಳಲೇ! ಒಂದ ಮಳಿಗೆ ಮಲಗಿದರ ಹ್ಯಾಂಗ?" ಎಂದು ಕಾಕು ಮೊಬೈಲನ್ನು ಅಲುಗಾಡಿಸಿದರು. ಅದು ಏಳಲಿಲ್ಲ. "ರೊಟ್ಟಿ ತೆಳ್ಳಗಿರಲಿ" ಎಂದರು ಕಾಕಾ.

ಮರುದಿನ ನಸುಕಿನಲ್ಲಿ ನೆರವಿಗೆ ನಾನೂ ಕುಳಿತೆ. ನನ್ನ ನಾಲ್ಕು ರೊಟ್ಟಿಗಳನ್ನು ಎಮ್ಮೆಗೆ ಹಾಕಲಾಯಿತು. ಉಳಿದದ್ದನ್ನೆಲ್ಲ ಕಾಕು ಬಡಿದರು.

ಹೊಲದಲ್ಲಿ ಚರಗ ಮುಗಿದು ಎಲ್ಲರೂ ಊಟಕ್ಕೆ ಕುಳಿತಾಗ, ಅಂಗೈ ಕೆಂಪಾಗಿದ್ದ ಕಾಕು ನೀರಿನ ಕೊಡವನ್ನು ಎತ್ತಿಕೊಂಡು ಎದ್ದರು. ಕಡಲೆ ಸಾಲಿನ ಪಕ್ಕದಲ್ಲಿ ಗೇಣಗಲ ಬಾಯಿಬಿಟ್ಟಿದ್ದ ಬಿರುಕಿಗೆ ಕೊಡವನ್ನು ಪೂರ್ತಿ ಬಗ್ಗಿಸಿದರು. ಗಟಗಟ ಸದ್ದಾಯಿತು. ಬಿರುಕು ಹಾಗೆಯೇ ಇತ್ತು.

"ಎಲ್ಲಿ ಐತ್ರಿ ನಿಮ್ಮ ನೀರು? ತೋರಸ್ರಿ!"

ಕಾಕಾ ಬಗ್ಗಿ ನೋಡಿದರು. ಅವರ ಬಾಯಿತುಂಬ ಒಣ ಕಡಕ್ ರೊಟ್ಟಿಯಿತ್ತು, ತಂದಿದ್ದ ಕುಡಿಯುವ ನೀರು ಅದೊಂದೇ ಕೊಡ. ಬಿಸಿಲಿನಲ್ಲಿ ಊರ ಕೆರೆಗೆ ನಡೆದು ನೀರು ತಂದವರು ಕಾಕಾ. ನಮ್ಮ ಮನೆಯ ಗಂಡಸೊಬ್ಬರು ಕೊಡ ಹೊತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆದ್ದರಿಂದ ಆಟವನ್ನು ರೂಪಿಸಿದವರೇ, ಎರೆಮಣ್ಣನ್ನು ಬೇರೊಂದು ವರ್ಗವಾಗಿ ಗುರುತಿಸಿ. ಅದರ ಮೇಲೆ ಬಿದ್ದ ನೀರು ಮಾಯವಾಗಬೇಕು. ನೀರು ಬಿಟ್ಟ ಪ್ರಾಣಿ ಎರಡು ಸರದಿಯವರೆಗೆ ಮೊಣಕಾಲುದ್ದ ರಾಡಿಯಲ್ಲಿ ಹೂತು ನಿಲ್ಲಬೇಕು. ಸೋಲುಗೆಲುವಿನ ಪಟ್ಟಿಯನ್ನು ಕನ್ನಡದಲ್ಲಿ ಮೊದಲ ಪರದೆಯ ಮೇಲೆಯೇ ಹಾಕಿ. ಮುಂದಿನ ಎಳ್ಳಮಾವಾಸ್ಯೆಯೊಳಗೆ ಇದು ಆಗಬೇಕು. ಆಗುವವರೆಗೆ, ಕಾಕಾ, ಹಂಚಿನ ಮುಂದೆ ನೀವು ಕೂಡಬೇಕು.