ದೇವಮ್ಮ ಕೆಲಸ ಹುಡುಕುತ್ತಿದ್ದಾಳೆ, ಮಾಲಕರಿಗೆ ಹೇಳಬೇಡಿ

ಜೂನ್ 9, ಸೋಮವಾರ, ಬೆಳಿಗ್ಗೆ 11 ಗಂಟೆ 5 ನಿಮಿಷ. ಸುರಪುರದ ನಮ್ಮ ಆನ್‌ಲೈನ್ ಸೆಂಟರ್‌ನಲ್ಲಿ ಟೇಬಲ್ ಮೇಲಿದ್ದ ಅಂಗಡಿಯ ಫೋನ್ ಟಿಣ್ ಎಂದಿತು. ಮಾಲಕರಾದ ಸಿದ್ದಣ್ಣ ಕನ್ನಡಕ ಹಣೆಗೇರಿಸಿ ಮೆಸೇಜ್ ನೋಡಿದರು. ಎದುರಿನ ಬೆಂಚಿನ ಮೇಲೆ ಆರು ಜನ. ಕಂಪ್ಯೂಟರ್ ಮುಂದೆ ನಾನು.

"ಯಾರ್ರೀ ದೇವಮ್ಮ ಅಂದ್ರ? ಯಾದಗಿರಿ ಕಾಲೇಜಿನ್ಯಾಗ ಕ್ಲರ್ಕ್ ಕೆಲಸಕ್ಕ ಇಂಟರ್‌ವ್ಯೂ ಬಂದದ. ಹನ್ನೆರಡನೇ ತಾರೀಖು, ಹತ್ತೂವರಿಗಿ."

ಬೆಂಚಿನ ಆರು ಜನರಲ್ಲಿ ಯಾರೂ ದೇವಮ್ಮ ಅಲ್ಲ. ಆ ಕೋಣೆಯಲ್ಲಿದ್ದ ಒಬ್ಬಳೇ ದೇವಮ್ಮ ಕೀಬೋರ್ಡ್ ಮೇಲೆ ಕೈಯಿಟ್ಟು ಕೂತಿದ್ದಳು. ಅಂದರೆ ನಾನು.

(ಮನೆಯಲ್ಲಿ, ಓಣಿಯಲ್ಲಿ, ಅಂಗಡಿಯಲ್ಲಿ ನಾನು ಪ್ರಿಯಾ. ಶಾಲೆಗೆ ಸೇರಿಸಿದ ದಿನ ಅಪ್ಪ ತಮ್ಮ ಅವ್ವನ ಹೆಸರು ಬರೆಸಿಬಂದರು. ಹಾಗಾಗಿ ಕರೆಯುವವರಿಗೆ ಒಂದು, ಕಾಗದಕ್ಕೆ ಒಂದು. ಪತ್ರಿಕೆಯ ಈ ಅಂಕಣದ ಮೇಲೆ ಇರುವ ಕಾವ್ಯನಾಮ ಮೂರನೆಯದು. ಸದ್ಯಕ್ಕೆ ಅದು ಹಾಗೇ ಇರಲಿ.)

ನಮ್ಮ ಅಂಗಡಿಯಲ್ಲಿ ಬಂದ ಮೆಸೇಜ್ ಗಟ್ಟಿಯಾಗಿ ಓದುವುದು ಪದ್ಧತಿ. ಯಾಕೆಂದರೆ ನಾವು ತುಂಬುವ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಅಂಗಡಿಯ ನಂಬರನ್ನೇ ಹಾಕುತ್ತೇವೆ. ಬರುವವರ ಮನೆಯಲ್ಲಿ ಒಂದೇ ಫೋನ್. ಅದನ್ನು ಗಂಡನೋ ಮಗನೋ ಹೊಲಕ್ಕೆ ಒಯ್ದಿರುತ್ತಾನೆ. ಓಟಿಪಿ ಅಲ್ಲಿ ಹೊಲದಲ್ಲಿ ಬಂದು ಅಲ್ಲೇ ಸತ್ತುಹೋಗುತ್ತದೆ. ನಮ್ಮ ನಂಬರ್ ಇದ್ದರೆ ಇಲ್ಲೇ ಬರುತ್ತದೆ. ಮುಂದೆ ಯಾವ ಮೆಸೇಜ್ ಬಂದರೂ ಸಿದ್ದಣ್ಣ ಓದುತ್ತಾರೆ, ನಾನು ರಿಜಿಸ್ಟರ್ ನೋಡಿ ಆ ಮನೆಗೆ ತಿಳಿಸುತ್ತೇನೆ. ಮೂರು ವರ್ಷದಿಂದ ಹೀಗೇ ನಡೆದಿದೆ.

"ಪ್ರಿಯಾ, ರಿಜಿಸ್ಟರ್ ನೋಡಿ ಅಕಿಗಿ ಫೋನ್ ಹಚ್ಚು" ಎಂದರು ಸಿದ್ದಣ್ಣ. "ಪಾಪ, ಮೂರೇ ದಿನ ಅದ."

ನಾನು ರಿಜಿಸ್ಟರ್ ತೆರೆದೆ. ಬೆರಳಿಟ್ಟು ಹುಡುಕಿದೆ. ಅದರಲ್ಲಿ ಹದಿನಾಲ್ಕು ದೇವಮ್ಮಂದಿರಿದ್ದಾರೆ, ನಾನು ಇಲ್ಲ. ಆಮೇಲೆ ನನ್ನ ಫೋನ್ ಹಿಡಿದು ಬಾಗಿಲಾಚೆ ಹೋಗಿ, ಯಾರಿಗೂ ಹಚ್ಚದೆ, ಸುಮಾರು ಒಂದು ನಿಮಿಷ ಮಾತಾಡಿದೆ. ತಾರೀಖು ಹೇಳಿದೆ, ಹೊತ್ತು ಹೇಳಿದೆ, ಅಭಿನಂದನೆಯನ್ನೂ ಹೇಳಿದೆ. ಒಳಗೆ ಬಂದು, ಹುಡುಗಿಗೆ ಬಹಳ ಖುಷಿಯಾಯಿತು ಎಂದು ವರದಿ ಮಾಡಿದೆ.

ಇದು ಹೇಗಾಯಿತು? ನನ್ನ ಡೈರಿಯ ಮೇ 22ರ ಪುಟದಲ್ಲಿದೆ. ಆ ದಿನ ಗುರುವಾರ. ಕೆಲಸ ಹುಡುಕುತ್ತಿರುವುದು ಮಾಲಕರಿಗೆ ಗೊತ್ತಾಗಬಾರದು ಎಂಬ ಒಂದೇ ಕಾರಣಕ್ಕೆ, ಅರ್ಜಿ ತುಂಬುವುದನ್ನೇ ಉದ್ಯೋಗ ಮಾಡಿಕೊಂಡ ನಾನು, ಅರ್ಜಿ ತುಂಬಿಸಲು ಬಸ್ ಹತ್ತಿ ಶಹಾಪುರಕ್ಕೆ ಹೋದೆ. (ನಮ್ಮಲ್ಲಿ ಸ್ಕ್ಯಾನರ್ ಸಿದ್ದಣ್ಣನ ಮೊಣಕೈ ಪಕ್ಕದಲ್ಲಿದೆ. ಕಳ್ಳತನಕ್ಕೆ ಅನುಕೂಲವಾದ ಜಾಗವಲ್ಲ.) ಅಲ್ಲಿ ಕೂತಿದ್ದ ಹೆಣ್ಣುಮಗಳು ಒಂದೊಂದೇ ಕೇಳುತ್ತ ಹೋದಳು. ಹೆಸರು, ಜನ್ಮದಿನಾಂಕ, ವಿದ್ಯಾರ್ಹತೆ. ಮೊಬೈಲ್ ನಂಬರ್ ಕೇಳಿದಳು. ನನ್ನ ಬಾಯಿ ದಿನಕ್ಕೆ ಇಪ್ಪತ್ತು ಸಲ ಹೇಳುವ ಹತ್ತು ಅಂಕಿಗಳನ್ನು ತಾನಾಗಿ ಹೇಳಿಬಿಟ್ಟಿತು. ಆ ಅರ್ಜಿಗೆ ಓಟಿಪಿ ಇರಲಿಲ್ಲ. ಇದ್ದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. ಇಲ್ಲದ್ದರಿಂದ ಹದಿನೆಂಟು ದಿನ ನಿಶ್ಚಿಂತೆಯಿಂದ ಓಡಾಡಿದೆ.

ಕೆಲಸ ಬಿಡುವ ಆಸೆ ಯಾಕೆ ಎಂದು ನೀವು ಕೇಳಬಹುದು. ಸಿದ್ದಣ್ಣ ಒಳ್ಳೆಯವರು. ಬೈಯುವುದಿಲ್ಲ. ಆದರೆ ಅಂಗಡಿಯಲ್ಲಿ ಇರುವುದು ನಾವಿಬ್ಬರೇ. ಮೂರು ವರ್ಷ ಅಲ್ಲ, ಮೂವತ್ತು ವರ್ಷವಾದರೂ ನಾನು ಎರಡನೆಯವಳೇ. ಕಾಲೇಜಿನ ಕೆಲಸವಾದರೆ ರಜೆಗೆ ರಜೆ, ಮೇಲೇರಲು ಮೆಟ್ಟಿಲು. ಊರಿಗೆಲ್ಲ ಕೆಲಸದ ಅರ್ಜಿ ತುಂಬಿಕೊಟ್ಟವಳಿಗೆ ಒಂದು ಸಲ ತನ್ನದನ್ನೂ ತುಂಬಬೇಕು ಅನಿಸುವುದು ತಪ್ಪೇ?

ಹಾಗಿದ್ದರೆ ಹೇಳಿಬಿಡಬಹುದಿತ್ತಲ್ಲ? ಹೇಳಿ, ಕೆಲಸ ಸಿಗದಿದ್ದರೆ? ಜೂನ್ ತಿಂಗಳು ನಮಗೆ ಸುಗ್ಗಿ. ಅಡ್ಮಿಷನ್, ಸ್ಕಾಲರ್‌ಶಿಪ್, ಜಾತಿ-ಆದಾಯ ಪ್ರಮಾಣಪತ್ರ, ಎಲ್ಲ ಒಟ್ಟಿಗೆ ಬರುತ್ತವೆ. ಹೋಗುವವಳು ಎಂದು ಗೊತ್ತಾದರೆ ಸಿದ್ದಣ್ಣ ಆ ವಾರವೇ ಇನ್ನೊಬ್ಬರನ್ನು ಹುಡುಕಬೇಕು. ಹುಡುಕಿದರೆ ತಪ್ಪಿಲ್ಲ. ಆಗ ಯಾದಗಿರಿಯೂ ಇಲ್ಲ, ಸುರಪುರವೂ ಇಲ್ಲ; ನಾನು ನಡುವೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ.

ಮುಂದಿನ ಎರಡು ದಿನ ನಾವಿಬ್ಬರೂ ದೇವಮ್ಮನ ಬಗ್ಗೆಯೇ ಮಾತಾಡಿದೆವು. ಸಿದ್ದಣ್ಣನಿಗೆ ಆ ಹುಡುಗಿಯ ಮೇಲೆ ಅದೆಲ್ಲಿಂದಲೋ ಕಾಳಜಿ ಹುಟ್ಟಿತು. ಒರಿಜಿನಲ್ ಜೊತೆ ಎರಡು ಸೆಟ್ ಜೆರಾಕ್ಸ್ ಒಯ್ಯಲು ಹೇಳು ಎಂದರು. ಏಳೂವರೆಯ ಬಸ್ ನಂಬಿಕೊಂಡು ಕೂಡಬಾರದು, ಏಳಕ್ಕೇ ಹೊರಡಲಿ ಎಂದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿ, ಜಾಸ್ತಿ ಮಾತಾಡುವವರನ್ನು ಆಫೀಸಿನವರು ಇಟ್ಟುಕೊಳ್ಳುವುದಿಲ್ಲ ಎಂದರು. ನಾನು ಪ್ರತಿ ಸಲ "ಹೇಳ್ತೀನ್ರಿ ಅಣ್ಣಾರ" ಎಂದು ಹೇಳಿ, ಸಲಹೆಯನ್ನು ಡೈರಿಯಲ್ಲಿ ಬರೆದುಕೊಂಡೆ. ಒಟ್ಟು ಏಳು ಸಲಹೆ. ಏಳೂ ಒಳ್ಳೆಯವೇ.

ಹತ್ತನೇ ತಾರೀಖು ಸಂಜೆ ಒಂದು ಮಾತು ಕೇಳಿದರು. "ಅಲ್ಲ ಪ್ರಿಯಾ, ಈ ದೇವಮ್ಮ ಈಗ ಎಲ್ಲೋ ಕೆಲಸ ಮಾಡಾಕತ್ತಾಳಲ್ಲ. ಅಲ್ಲಿ ಹೇಳ್ಯಾಳೇನು?"

"ಹೇಳಿಲ್ಲಂತ್ರಿ."

"ಯಾಕಂತ?"

"ಅಂಜಿಕಿ ಅಂತ್ರಿ."

"ಹಂಗಾರ ಅಕಿ ಮಾಲಕ ಭಾಳ ಖರಾಬ್ ಮನುಷ್ಯಾ ಇರಬೇಕು."

"ಇಲ್ಲ್ರಿ ಅಣ್ಣಾರ, ಭಾಳ ಛಲೋ ಮನುಷ್ಯಾರಂತ್ರಿ" ಎಂದೆ. ದನಿ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಯಿತು. ಸಿದ್ದಣ್ಣ ಪ್ರಿಂಟರ್‌ಗೆ ಕಾಗದ ತುಂಬುವುದರಲ್ಲಿ ಮುಳುಗಿದ್ದರು.

ಹನ್ನೊಂದನೇ ತಾರೀಖು, ಮರುದಿನಕ್ಕೆ ರಜೆ ಕೇಳಿದೆ. ಬೋನಾಳದಲ್ಲಿ ದೊಡ್ಡಮ್ಮನಿಗೆ ಆರಾಮಿಲ್ಲ ಎಂದೆ. (ದೊಡ್ಡಮ್ಮ ಇರುವುದು ಖರೆ. ಅವರು ನನಗಿಂತ ಗಟ್ಟಿಯಾಗಿದ್ದಾರೆ. ದೊಡ್ಡಮ್ಮಾ, ಇದನ್ನು ಯಾರಾದರೂ ಓದಿ ಹೇಳಿದರೆ ಕ್ಷಮಿಸು.) ಸಿದ್ದಣ್ಣ ಹೋಗಿ ಬಾ ಎಂದರು. ಸಂಜೆ ಹೊರಡುವಾಗ, ಬೋನಾಳಕ್ಕೆ ಹೋಗುವುದಾದರೂ ಏಳರ ಬಸ್ಸಿಗೇ ಹೋಗುವುದು ಒಳ್ಳೆಯದು ಎಂದರು. ಆಗಲೂ ನನ್ನ ತಲೆಗೆ ಹೋಗಲಿಲ್ಲ. ಮೂರು ವರ್ಷದಲ್ಲಿ ಸಾವಿರಾರು ಅರ್ಜಿ ಓದಿದವಳಿಗೆ ಎದುರಿನ ಮನುಷ್ಯನನ್ನು ಓದಲು ಬರಲಿಲ್ಲ.

ಯಾದಗಿರಿಯಲ್ಲಿ ಮೂವರು ಕೂತಿದ್ದರು. ಹನ್ನೊಂದು ಪ್ರಶ್ನೆ ಕೇಳಿದರು. ಹತ್ತಕ್ಕೆ ಚೆನ್ನಾಗಿ ಉತ್ತರಿಸಿದೆ. ಹನ್ನೊಂದನೆಯದನ್ನು ಕೇಳಿದವರು ನಡುವೆ ಕೂತಿದ್ದ ಹಿರಿಯ ಮೇಡಂ. ಈಗಿನ ಮಾಲಕರಿಗೆ ನೀನು ಬಂದಿದ್ದು ಗೊತ್ತಿದೆಯೇ ಎಂದರು. ಗೊತ್ತಿದೆ ಎಂದರೆ ಫೋನ್ ಮಾಡಿ ಕೇಳುತ್ತಾರೆ. ಗೊತ್ತಿಲ್ಲ ಎಂದೆ.

ಮೇಡಂ ಪೆನ್ನಿನ ಕ್ಯಾಪ್ ಹಾಕಿದರು. "ಹಂಗಾರ ನಾಳಿ ನಮಗೂ ಹೇಳಲಾರದ ಹೋಗ್ತಿ, ಹೌದಿಲ್ಲೋ?"

ಇದಕ್ಕೆ ಸಿದ್ದಣ್ಣನ ಏಳು ಸಲಹೆಗಳಲ್ಲಿ ಯಾವುದೂ ಹೊಂದಲಿಲ್ಲ. ಕಾಗದ ಎತ್ತಿಕೊಂಡು, ನಮಸ್ಕಾರ ಹೇಳಿ ಹೊರಗೆ ಬಂದೆ. ತಿರುಗಿ ಬರುವ ಬಸ್ಸಿನಲ್ಲಿ ಕೆಲಸ ಹೋಯಿತು ಎಂದು ಲೆಕ್ಕ ಹಾಕಿ, ಕನಿಷ್ಠ ಇದ್ದ ಕೆಲಸದಲ್ಲಾದರೂ ಪ್ರಾಮಾಣಿಕಳಾಗೋಣ, ನಾಳೆಯೇ ಹೇಳಿಬಿಡೋಣ ಎಂದು ನಿರ್ಧರಿಸಿದೆ.

ಜೂನ್ 13, ಬೆಳಿಗ್ಗೆ 10.15: ಬಾಯಿ ತೆರೆದೆ, ಆಧಾರ್ ಹಿಡಿದು ಒಬ್ಬರು ಬಂದರು. ಮಧ್ಯಾಹ್ನ 12.50: ತೆರೆದೆ, ಕರೆಂಟ್ ಹೋಯಿತು, ಸಿದ್ದಣ್ಣ ಇನ್ವರ್ಟರ್ ನೋಡಲು ಎದ್ದರು. 14ಕ್ಕೆ ಒಮ್ಮೆ, 16ಕ್ಕೆ ಎರಡು ಸಲ, 17ಕ್ಕೆ ಒಮ್ಮೆ. ಒಟ್ಟು ಆರು ಪ್ರಯತ್ನ. ಕೊನೆಯ ಸಲ ಯಾರೂ ಬರಲಿಲ್ಲ, ಕರೆಂಟೂ ಇತ್ತು. "ಅಣ್ಣಾರ, ಒಂದು ಮಾತು" ಎಂದೆ. ಅವರು ತಿರುಗಿದರು. ಪ್ರಿಂಟರ್‌ನ ಇಂಕ್ ಮುಗಿದಿದೆ ಎಂದು ಹೇಳಿದೆ. ಮುಗಿದಿರಲಿಲ್ಲ.

ಜೂನ್ 19, ಗುರುವಾರ, ಸಂಜೆ 5.20. ಬೆಂಚು ಖಾಲಿ. ಸಿದ್ದಣ್ಣ ಅಂಗಡಿಯ ಫೋನನ್ನು ನನ್ನ ಕೀಬೋರ್ಡ್ ಪಕ್ಕಕ್ಕೆ ಸರಿಸಿದರು. ಈ ಸಲ ಗಟ್ಟಿಯಾಗಿ ಓದಲಿಲ್ಲ. ನಾನೇ ಓದಿಕೊಂಡೆ. ದೇವಮ್ಮ ಆಯ್ಕೆಯಾಗಿದ್ದಾಳೆ. ಜುಲೈ ಒಂದಕ್ಕೆ ಹಾಜರಾಗಬೇಕು.

ಮೆಸೇಜ್ ಬಂದ ತಾರೀಖು ನೋಡಿದೆ. ಜೂನ್ 17.

"ನಿನ್ನ ಪ್ಯಾನ್ ಕಾರ್ಡ್ ಮಾಡಿಕೊಟ್ಟಾವ ಯಾರು, ತಂಗಿ?" ಎಂದರು ಸಿದ್ದಣ್ಣ. "ನಾನೇ ಅಲ್ಲ? ದೇವಮ್ಮ ಯಾರಂತ ನನಗ ಗೊತ್ತಿರಂಗಿಲ್ಲೇನು?"

ಹಾಗಾದರೆ ಎರಡು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. (ಕೇಳುವ ಹಕ್ಕು ನನಗಿತ್ತೇ? ಇರಲಿಲ್ಲ. ಆದರೂ ಕೇಳಿದೆ.)

"ನೀ ಹೇಳ್ತಿ, ನೀ ಹೇಳ್ತಿ ಅಂತ ನಾ ಹತ್ತು ದಿನ ಕಾದೇನಿ. ನೀ ಎರಡು ದಿನ ಕಾದರ ಏನಾತು? ಇಂಕ್ ಮುಗದದ ಅಂತಾಳ. ನಿನ್ನೆ ಹೊಸಾದು ತಂದು ಇಟ್ಟೀನಿ, ಅದನ್ನ ಯಾರ ಉಪಯೋಗ ಮಾಡ್ತಾರ ಈಗ?"

ನನಗೆ ನಗು ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಅದನ್ನು ಡೈರಿಯಲ್ಲಿ ಬರೆದಿಲ್ಲ. ಹೋಗಬೇಡ ಎಂದಿದ್ದರೆ ಜಗಳ ಆಡಬಹುದಿತ್ತು. ಅವರು ಅನ್ನಲಿಲ್ಲ. ಫಿಕರ್ ಮಾಡಬೇಡ, ಹೋಗು, ಆದರೆ ನಿನ್ನ ಜಾಗಕ್ಕೆ ಒಬ್ಬರನ್ನು ನೀನೇ ನೋಡಿ, ಕಲಿಸಿ ಹೋಗು ಎಂದರು. ನನಗೆ ಹನ್ನೊಂದು ದಿನ ಉಳಿದಿತ್ತು.

ಆ ರಾತ್ರಿಯೇ ಪರಿಚಯದವರಿಗೆಲ್ಲ ಹೇಳಿಟ್ಟೆ. ಶನಿವಾರ ಮೂವರು ಬಂದರು. ಇಬ್ಬರಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ. ಮೂರನೆಯವಳು ಈರಮ್ಮ (ಹೆಸರೂ ಅಂಗಡಿಯ ಜಾಗವೂ ಬದಲಿಸಿದ್ದೇನೆ), ಎಲ್ಲ ಬಲ್ಲವಳು. ನನಗಿಂತ ಬೇಗ ಟೈಪ್ ಮಾಡುತ್ತಾಳೆ (ನಿಮಿಷ ಹಿಡಿದು ನೋಡಿದೆ). ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಸಿದ್ದಣ್ಣ ಊಟಕ್ಕೆ ಹೋಗಿದ್ದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಆ ಮೇಡಂ ಕೇಳಿದ್ದನ್ನೇ ಕೇಳಿದೆ. ನಿಮ್ಮ ಮಾಲಕರಿಗೆ ಗೊತ್ತಿದೆಯೇ?

ಅವಳು ಬಾಗಿಲ ಕಡೆ ನೋಡಿದಳು. "ಇಲ್ಲ್ರಿ ಅಕ್ಕಾ. ಪಕ್ಕಾ ಆಗೋತನ ಹೇಳಬ್ಯಾಡ್ರಿ, ಕೈ ಮುಗಿತೀನಿ. ಗೊತ್ತಾತಂದ್ರ ಇದ್ದ ಕೆಲಸಾನೂ ಹೋಗತದ."

ನಾಳೆ ನಮಗೂ ಹೇಳದೆ ಹೋಗುತ್ತೀಯಾ ಎಂದು ಕೇಳಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಈಗ ಇರುವ ತೊಂದರೆ ಇದು. ಅವಳ ಮಾಲಕರೂ ಸಿದ್ದಣ್ಣನೂ ಬಾಲ್ಯದ ಗೆಳೆಯರು. ದಿನಾ ಸಂಜೆ ನಾಲ್ಕಕ್ಕೆ ಅವರು ನಮ್ಮ ಅಂಗಡಿಗೆ ಬಂದು, ಆ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾರೆ. ಸಿದ್ದಣ್ಣನಿಗೆ ಈರಮ್ಮ ಯಾರ ಕಡೆಯವಳು ಎಂದು ಹೇಳಿದರೆ, ಗೆಳೆಯನ ಮನುಷ್ಯರನ್ನು ಎಳೆದುಕೊಳ್ಳುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಸಾಲದ್ದಕ್ಕೆ ಚಹಾ ಕುಡಿಯುತ್ತ ಗೆಳೆಯನಿಗೂ ಹೇಳಿಬಿಡುತ್ತಾರೆ. ಹೇಳದಿದ್ದರೆ, ಹತ್ತು ದಿನ ಕಾದ ಮನುಷ್ಯನಿಗೆ ನಾನು ಎರಡನೇ ಸಲ ಬಾಯಿ ಮುಚ್ಚಿಕೊಂಡಂತಾಯಿತು.

ಶನಿವಾರ ಈರಮ್ಮನ ಮಾಲಕರು ಬಂದಾಗ ನಾನು ನೀರು ಕುಡಿಯಲು ಹೊರಗೆ ಹೋದೆ. ಭಾನುವಾರ ರಜೆ. ಇವತ್ತು ಸೋಮವಾರ, ಜೂನ್ 23. ಬಂದರು, ಕೂತರು, ಈ ವರ್ಷ ತಮ್ಮ ಅಂಗಡಿಯ ಹುಡುಗಿ ಎಷ್ಟು ಛಲೋ ಕೆಲಸ ಮಾಡುತ್ತಿದ್ದಾಳೆ ಎಂದು ಹದಿಮೂರು ನಿಮಿಷ ಹೊಗಳಿದರು. ಸಿದ್ದಣ್ಣ ತಲೆಯಾಡಿಸುತ್ತ ನನ್ನ ಕಡೆ ನೋಡಿದರು. ಯಾಕೆ ನೋಡಿದರು?

ಹೇಳಬೇಕೋ ಬೇಡವೋ, ಹೇಳುವುದಾದರೆ ಯಾರಿಗೆ ಮೊದಲು, ಬಲ್ಲವರು ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಮಾಲಕರಾಗಿದ್ದವರು ಬರೆದರೆ ಇನ್ನೂ ಒಳ್ಳೆಯದು. ಆದಷ್ಟು ಬೇಗ ಬರೆಯಿರಿ. ನಮ್ಮೂರಲ್ಲಿ ದಿನಾ ನಾಲ್ಕು ಗಂಟೆ ಆಗುತ್ತದೆ.