ಕಾರಭಾರಿ ಮನೆತನ

ಮುಧೋಳದಿಂದ ಜಮಖಂಡಿಗೆ ನನ್ನ ಮೊಮ್ಮಗಳನ್ನು ನೋಡಲು ಬಂದವರು ಹುಡುಗಿಯ ಬಗ್ಗೆ ಕೇಳಿದ್ದಕ್ಕಿಂತ ನಮ್ಮ ಮನೆತನದ ಬಗ್ಗೆ ಕೇಳಿದ್ದೇ ಹೆಚ್ಚು. ನನಗೆ ಅಲ್ಲೇ ಸಂಶಯ ಬಂತು.

"ನಿಮ್ಮದು ಕಾರಭಾರಿ ಮನಿತನ ಅಂತ ಕೇಳೇ ಬಂದೇವ್ರಿ," ಎಂದರು ಹುಡುಗನ ಸೋದರಮಾವ.

ನನ್ನ ಮೈದುನ ಉಬ್ಬಿದ. "ಹೌದ್ರಿ. ನಮ್ಮ ಅಜ್ಜಾರು ಸಂಸ್ಥಾನದಾಗ ಕಾರಭಾರಿ. ಅರಮನಿಯೊಳಗ ಅವರ ಮಾತು ನಡೀತಿತ್ತು."

ನಡೆಯುತ್ತಿತ್ತು, ಅಡಿಗೆಮನೆಯ ತನಕ.

ಕಾರ್ಯದ ಭಾರ ಹೊತ್ತವನು ಕಾರಭಾರಿ ಎಂದು ನನ್ನ ಮಾವ ಹೇಳುತ್ತಿದ್ದರು. ಸಂಸ್ಥಾನದ ಕಾಲಕ್ಕೆ ರಾಜ್ಯವನ್ನೇ ನೋಡಿಕೊಳ್ಳುವ ದೊಡ್ಡ ಕಾರಭಾರಿ ಒಬ್ಬನಿದ್ದರೆ, ಕುದುರೆ ಲಾಯಕ್ಕೊಬ್ಬ, ಉಗ್ರಾಣಕ್ಕೊಬ್ಬ ಸಣ್ಣ ಕಾರಭಾರಿಗಳೂ ಇದ್ದರು. ಸಂಸ್ಥಾನ ಹೋಯಿತು, ಶಬ್ದ ಮನೆಮನೆಗೆ ಬಂತು. ಗಂಡನ ಹೆಸರು ಹೇಳಬಾರದೆಂದು ನನ್ನ ಅತ್ತೆ ಅವರನ್ನು 'ನಮ್ಮ ಕಾರಭಾರಿ' ಎನ್ನುತ್ತಿದ್ದರು. ಈಗ ಹೆಂಗಸು ನಡುವೆ ಬಾಯಿ ಹಾಕಿದರೆ 'ಭಾಳ ಕಾರಭಾರ ಮಾಡಬ್ಯಾಡ' ಎಂದು ಬೈಯುತ್ತಾರೆ. ನನಗೆ ಇದನ್ನು ಹೇಳದವರಿಲ್ಲ.

ಮಾವನ ತಂದೆ ಉಗ್ರಾಣದ ಕಾರಭಾರಿ. ಸಂಜೆ ಮನೆಗೆ ಹೊರಡುವಾಗ ಕಾವಲುಗಾರನ ಎದುರು ಶಲ್ಯ ಝಾಡಿಸಿ, ಏನೂ ಕದ್ದಿಲ್ಲವೆಂದು ತೋರಿಸಬೇಕಿತ್ತು. ನಮ್ಮ ಗಂಡಸರು ಇಂದಿಗೂ ಯಾರ ಮನೆಯಿಂದ ಹೊರಟರೂ ಹೊಸ್ತಿಲಲ್ಲಿ ಶಲ್ಯ ಝಾಡಿಸುತ್ತಾರೆ. ಅದು ಅರಮನೆಯ ರಿವಾಜು ಎನ್ನುತ್ತಾನೆ ಮೈದುನ. ಅತ್ತೆ ನನಗೆ ಖರೆ ಸಂಗತಿ ಹೇಳಿದ್ದರು.

ಮೊಮ್ಮಗಳು ಬೀಳಗಿಯ ಶಾಲೆಯಲ್ಲಿ ಕಲಿಸುತ್ತಾಳೆ. ಫೋಟೋ ನೋಡಿದಾಗಲೇ ಹುಡುಗ ಅವಳ ಮನಸ್ಸಿಗೆ ಬಂದಿದ್ದ. "ಅಜ್ಜಿ, ಇವತ್ತೊಂದಿನ ಬಾಯಿ ಮುಚ್ಚಕೊಂಡಿರು," ಎಂದು ಬೆಳಿಗ್ಗೆಯೇ ಹೇಳಿದ್ದಳು. ಇದ್ದೆ. ಆದರೆ ಆ ಸೋದರಮಾವ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತ, "ಲಗ್ನಪತ್ರಿಕಿಯೊಳಗ ಸಂಸ್ಥಾನದ ಕಾರಭಾರಿ ಮನಿತನ ಅಂತ ದೊಡ್ಡದಾಗಿ ಹಾಕಸೂಣ್ರಿ. ನಮ್ಮ ಮಂದಿ ನೋಡ್ಲಿ," ಎಂದರು.

ನಾಳೆ ಯಾರೋ ಖರೆ ಹೇಳಿದರೆ, ಮೋಸ ಮಾಡಿದಿರಿ ಎಂದು ಇವರು ಯಾರ ಮೇಲೆ ಬೀಳುತ್ತಾರೆ? ಮೈದುನನ ಮೇಲಂತೂ ಅಲ್ಲ. ಆ ಮನೆಯಲ್ಲಿ ಬಾಳುವವಳು ಮೊಮ್ಮಗಳು.

"ಉಗ್ರಾಣದ ಕಾರಭಾರಿ ಇದ್ರು," ಎಂದೆ.

ಅವರು ಬಸಿ ಕೆಳಗಿಟ್ಟರು. "ಅಂದ್ರ ಅಡಿಗಿಯವರೇನ್ರಿ?"

"ಅಡಿಗಿಯವರ ಮ್ಯಾಲ ಕಣ್ಣಿಡವ್ರು. ಅವರ ಮ್ಯಾಲ ಕಣ್ಣಿಡಾಂವ ಬಾಗಿಲದಾಗ ನಿಂತಿರ್ತಿದ್ದ." ಶಲ್ಯದ ಸಂಗತಿಯನ್ನೂ ಹೇಳಿದೆ.

ಮೈದುನ ತಲೆಯೆತ್ತಿ ಛತ್ತು ನೋಡತೊಡಗಿದ. ಒಳಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಮುಖ ಕಪ್ಪಿಟ್ಟಿತು. ಹುಡುಗ ನಗು ತಡೆಯಲಾರದೆ ಕೆಮ್ಮಿದ. ಅವನ ತಾಯಿ ತಮ್ಮನ ಕಡೆ ತಿರುಗಿ, "ನಮಗ ಹುಡಿಗಿ ಬೇಕೋ, ಆಕಿ ಮುತ್ಯಾ ಬೇಕೋ? ಪತ್ರಿಕಿಯಾಗ ಹುಡಿಗಿ ಹೆಸರು ಹಾಕಸು, ಸಾಕು," ಎಂದರು. ಆತ ಉಳಿದ ಚಹಾ ಮುಟ್ಟಲಿಲ್ಲ.

ಅವರು ಹೋದ ಮೇಲೆ ಮೊಮ್ಮಗಳು, "ಮುರದು ಹೋಗಿದ್ರ ಏನ ಮಾಡತಿದ್ದಿ?" ಎಂದಳು.

"ಹೋಗತಿತ್ತು. ತಾಳಿ ಕಟ್ಟಿದ ಮ್ಯಾಲ ಮುರಿಯೋದಕಿಂತ ಛಲೋ."

ಅವಳು ಕಪ್ಪು ಬಸಿಗಳನ್ನು ಸಪ್ಪಳ ಮಾಡುತ್ತ ಎತ್ತಿಕೊಂಡು ಒಳಗೆ ಹೋದಳು.

ಆ ಸೋದರಮಾವನ ಮೇಲೆ ನನಗೆ ಇನ್ನೂ ನಂಬಿಕೆಯಿಲ್ಲ. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ, ಸಣ್ಣ ಅಕ್ಷರ ನನಗೆ ಕಾಣುವುದಿಲ್ಲವೆಂದು, ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು ಒಂದಕ್ಷರ ಬಿಡದೆ ಓದಿಸಿದೆ.