ಹದಿನೇಳು ನಿಮಿಷದ ಕಂಪ್ಯೂಟರ್

ಇವತ್ತು ಬೆಳಿಗ್ಗೆ ಕಂಪ್ಯೂಟರಿನ ಸ್ವಿಚ್ ಒತ್ತಿದಾಗ ಬಿಸಿಯಾದ ದೂಳಿನ ವಾಸನೆ ಬಂತು. ಹಳೆಯ ರೇಡಿಯೊಗಳ ಹಿಂಭಾಗದಿಂದ ಬರುತ್ತಿತ್ತಲ್ಲ, ಅದೇ. ನಿಮಗೂ ಗೊತ್ತಿರಬಹುದು. ಆ ವಾಸನೆಗೆ ನನಗೆ ಹಗರಿಬೊಮ್ಮನಹಳ್ಳಿಯ ಕೊಟ್ರೇಶನ ಅಂಗಡಿ ನೆನಪಾಗುತ್ತದೆ. ಅದರ ಹಿಂದೆಯೇ, ನಾನು ಅಲ್ಲಿ ಆಡಿದ ಒಂದು ಮಾತೂ.

ಕೊಟ್ರೇಶ ಟಿ.ವಿ., ರೇಡಿಯೊ ರಿಪೇರಿಯವನು, ನನ್ನ ಸ್ನೇಹಿತ. ಕೊಟ್ಟೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು ನಿವೃತ್ತನಾದ ವರ್ಷ ಈ ಕಂಪ್ಯೂಟರನ್ನು ಕಟ್ಟಿಕೊಟ್ಟವನು ಅವನೇ. ಒಂದೊಂದೇ ಭಾಗ ತಂದು ನಮ್ಮ ನಡುಮನೆಯ ಚಾಪೆಯ ಮೇಲೆ ಹರವಿಕೊಂಡ. ನಾನು ಟಾರ್ಚ್ ಹಿಡಿದೆ, ಅವನು ಸ್ಕ್ರೂ ಬಿಗಿದ. ಎರಡು ಭಾನುವಾರಗಳಲ್ಲಿ ಪೆಟ್ಟಿಗೆ ಎದ್ದು ನಿಂತಿತು. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಮಾಡಿದವರೇ ಅದರ ಕೈಬಿಟ್ಟು ಬಹಳ ವರ್ಷಗಳಾಗಿವೆ. ಹೊಸದು ಹಾಕಿಸಿ ಎಂದು ಕಂಡವರೆಲ್ಲ ಹೇಳುತ್ತಾರೆ. ಆದರೆ ನಾನು ಕನ್ನಡ ಟೈಪಿಂಗ್ ಕಲಿತ ಸಾಫ್ಟ್‌ವೇರ್ ಓಡುವುದು ಇದರಲ್ಲಿ ಮಾತ್ರ. ಈ ವಯಸ್ಸಿನಲ್ಲಿ ‘ಕ್ಷ’ ಯಾವ ಕೀಲಿಯಲ್ಲಿದೆಯೆಂದು ಮತ್ತೆ ಹುಡುಕುವ ಉಮೇದು ನನಗಿಲ್ಲ.

ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಅದು ತೆರೆದುಕೊಳ್ಳಲು ಹದಿನೇಳು ನಿಮಿಷ ತೆಗೆದುಕೊಂಡಿತು. ಮರುದಿನವೂ ಅಷ್ಟೇ. ಗಣಿತದವನಲ್ಲವೇ, ವಾರವಿಡೀ ಗಡಿಯಾರ ನೋಡಿ ಬರೆದಿಟ್ಟೆ. ಫ್ಯಾನ್ ಒರೆಸಿದೆ. ಬೇಡದ ಫೈಲುಗಳನ್ನು ಅಳಿಸಿದೆ, ಆ ಉತ್ಸಾಹದಲ್ಲಿ ಬೇಕಾದವನ್ನೂ ಒಂದಿಷ್ಟು ಅಳಿಸಿದೆ. ಕೊಟ್ರೇಶ ಕೊಟ್ಟಿದ್ದ ಸಿ.ಡಿ.ಯಿಂದ ಸಿಸ್ಟಮ್ಮನ್ನೇ ಹೊಸದಾಗಿ ಹಾಕಿದೆ. ಹದಿನೇಳು ನಿಮಿಷ!

ಕಂಪ್ಯೂಟರ್ ಬಲ್ಲ ನೆರೆಯವರೊಬ್ಬರು ಮುಚ್ಚಳ ತೆಗೆದು ಒಳಗೆ ಇಣುಕಿ, “ಈ ಹಾರ್ಡ್ ಡಿಸ್ಕ್ ಹಳೇದೈತಿ ನೋಡ್ರಿ. ಮೊದ್ಲು ಬ್ಯಾರೆ ಯಾವುದರಾಗೋ ಇದ್ದದ್ದು” ಅಂದರು.

ನನಗೆ ತಡೆಯಲಾಗಲಿಲ್ಲ. ಮುಂದಿನ ಬಸ್ಸಿಗೇ ಹಗರಿಬೊಮ್ಮನಹಳ್ಳಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ನಾಲ್ಕೈದು ಮಂದಿ. ಅವರೆದುರಿಗೇ ಕೇಳಿದೆ: “ನಂಬಿದವರಿಗೆ ಹಳೇ ಸಾಮಾನು ಹಾಕ್ತೀಯೇನೋ ಕೊಟ್ರೇಶಾ?”

ಅವನು ಬೆಸುಗೆ ಹಾಕುತ್ತಿದ್ದ ಕೈ ನಿಲ್ಲಿಸಿ ತಲೆಯೆತ್ತಿದ. “ಕುಂದರ್ರಿ ಮೇಷ್ಟ್ರ, ಚಾ ಕುಡೀರಿ.”

“ಡಿಸ್ಕ್ ಹಳೇದು ಹೌದೋ ಅಲ್ಲೋ? ಅಷ್ಟು ಹೇಳು.”

“ಹೌದ್ರಿ” ಅಂದ.

ನಾನು ಹೊರಟುಬಂದೆ. ಪ್ರತಿ ಭಾನುವಾರ ನಮ್ಮ ಮನೆಗೆ ಹರಟಲು ಬರುತ್ತಿದ್ದವನು ಅಂದಿನಿಂದ ಬರುವುದನ್ನೇ ನಿಲ್ಲಿಸಿದ. ಐದು ತಿಂಗಳು ಹಾಗೇ ಕಳೆದವು. ಸೋತವನು ಅವನು, ಗೆದ್ದವನು ನಾನು ಎಂದುಕೊಳ್ಳುತ್ತ ದಿನಾ ಹದಿನೇಳು ನಿಮಿಷ ಕಪ್ಪು ಪರದೆ ನೋಡುತ್ತಿದ್ದೆ.

ನನ್ನ ಹೆಂಡತಿ ಸುಮಂಗಳ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಒಂದು ದಿನ ನನ್ನ ನಿಟ್ಟುಸಿರು ಕೇಳಿ ಕೇಳಿ ಸಾಕಾಗಿ ಎದ್ದು ಬಂದಳು. “ನನ್ನ ಮಿಷನ್ ಬಿಗಿ ಹಿಡೀತಂದ್ರ ನಾ ಏನ್ ಮಾಡ್ತೀನಿ ಗೊತ್ತೈತನ್ರಿ? ದಾರ, ಬಾಬಿನ್, ಸೂಜಿ ಎಲ್ಲಾ ತೆಗದಿಟ್ಟು ಬರೇ ಗಾಲಿ ತಿರುಗಿಸ್ತೀನಿ. ನೀವೂ ಇದಕ್ಕ ಹಚ್ಚಿದ್ದೆಲ್ಲಾ ಬಿಚ್ಚಿ ನೋಡ್ರಿ.”

ಅವಳನ್ನು ಸುಮ್ಮನಾಗಿಸಲೆಂದೇ ಬಿಚ್ಚಿದೆ. ಪ್ರಿಂಟರ್ ಆಯಿತು, ಸ್ಪೀಕರ್ ಆಯಿತು. ಗೋಡೆಯ ಕಡೆಗಿದ್ದ ಹಿಂಭಾಗಕ್ಕೆ ಕೈ ಹಾಕಿದರೆ ಹೆಬ್ಬೆಟ್ಟಿನಷ್ಟು ಏನೋ ಸಿಕ್ಕಿತು. ಒಂದು ಪೆನ್‌ಡ್ರೈವ್. ಕಳೆದುಹೋಗಬಾರದೆಂದು ನಾನೇ ಅಲ್ಲಿ ಸಿಕ್ಕಿಸಿ, ನಾನೇ ಮರೆತದ್ದು! ಅದು ಯಾವಾಗಲೋ ಕೆಟ್ಟುಹೋಗಿತ್ತು. ಪಾಪ, ಕಂಪ್ಯೂಟರ್ ದಿನಾ ಬೆಳಿಗ್ಗೆ ಅದನ್ನು ಮಾತಾಡಿಸಿ ಉತ್ತರಕ್ಕೆ ಕಾಯುತ್ತಿತ್ತು. ಅದನ್ನು ಕಿತ್ತು ಸ್ವಿಚ್ ಒತ್ತಿದೆ. ಒಂದು ನಿಮಿಷವೂ ಆಗಲಿಲ್ಲ.

ಸುಮಂಗಳ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಈಗ ಕೊಟ್ರೇಶಗ ಏನಂತ ಹೇಳ್ತೀರಿ?” ಅಂದಳು.

ಅವತ್ತೇ ಹೋದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅಂಗಡಿಯ ಮೆಟ್ಟಿಲಲ್ಲೇ ಉದುರಿದವು. “ತಪ್ಪು ನಂದು ಕೊಟ್ರೇಶಾ” ಎಂದು ನಡೆದದ್ದನ್ನೆಲ್ಲ ಹೇಳಿದೆ. ಆದರೂ ಒಂದು ಅನುಮಾನ ಉಳಿದಿತ್ತು. “ಮತ್ತ ಡಿಸ್ಕ್ ಹಳೇದಂತ ನೀನ ಒಪ್ಪಿಕೊಂಡ್ಯಲ್ಲೋ?”

“ಹಳೇದ ಐತ್ರಿ. ನಿಮಗಂತ ತಂದ ಹೊಸಾದು ಎರಡು ಸಲ ಕೈಕೊಡ್ತು. ನನ್ನ ಕಂಪ್ಯೂಟರಿಂದು ಒಂದಿನಾನೂ ತ್ರಾಸ ಕೊಟ್ಟಿದ್ದಿಲ್ಲ. ಅದನ್ನ ಬಿಚ್ಚಿ ನಿಮಗ ಹಾಕಿದೆ. ಹೊಸಾದರ ಕೂಡ ನಾನು ಇನ್ನೂ ಗುದ್ದಾಡಕತ್ತೀನಿ” ಎಂದು ನಕ್ಕ.

“ಅವತ್ತ ಯಾಕ ಹೇಳ್ಲಿಲ್ಲ?”

“ಅಷ್ಟು ಮಂದಿ ಮುಂದ ನಾ ಅದನ್ನ ಹೇಳಿದ್ರ, ನೀವು ಮುಖ ಎಲ್ಲಿ ಇಟ್ಗೊಂತಿದ್ರಿ ಮೇಷ್ಟ್ರ?”

ಅಂದೂ ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಅವರ ಕಡೆ ತಿರುಗಿ, “ಈತನ ಮ್ಯಾಲೆ ನಾನು ಇಲ್ಲೇ ನಿಂತು ಸುಳ್ಳು ಅಪವಾದ ಹೊರಿಸಿದ್ದೆ. ಇಂಥ ನಂಬಿಕಸ್ಥ ಇನ್ನೊಬ್ಬ ಇಲ್ಲ” ಎಂದು ಗಟ್ಟಿಯಾಗಿ ಹೇಳಿದೆ. ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, “ಅದೆಲ್ಲಾ ಇರ್ಲಿ ಬಿಡ್ರಿ, ಮೊದ್ಲು ಅವರಿಗೆ ನನ್ನ ಮಿಕ್ಸಿ ಮಾಡಿಕೊಡಾಕ ಬಿಡ್ರಿ” ಅಂದಳು. ಕೊಟ್ರೇಶ ಚಹಾಕ್ಕೆ ಹೇಳಿಕಳಿಸಿದ. ಈ ಸಲ ನಾನು ಕೂತೆ.

ಇವತ್ತು ಭಾನುವಾರ. ಅವನು ಬರುತ್ತಾನೆ. ಮೊದಲೆಲ್ಲ ಬಸ್ ಇಳಿದು ಅವನೇ ಮನೆಗೆ ನಡೆದು ಬರಲಿ ಎಂದು ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಈಗ ನಾನೇ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ಹೊತ್ತಾಯಿತು, ಚಪ್ಪಲಿ ಮೆಟ್ಟಿಕೊಳ್ಳಬೇಕು.